ಸಂಚಾರಸಾಧನಗಳೂ ಇಂಗಾಲಾಮ್ಲವೂ

ವಾಹನಗಳಿಂದ ಹೊರಡುವ ಇಂಗಾಲಾಮ್ಲವಾಯುವನ್ನು ತಗ್ಗಿಸುವುದು ಹೇಗೆಂಬ ಪ್ರಶ್ನೆಯು ಈಗ ಸಕಲ ರಾಷ್ಟ್ರಗಳ ಮುಂದೆಯೂ ನಿಂತಿದೆ. 2070ನೆಯ ಇಸವಿಯೊಳಗಾಗಿ ತನ್ನ ನಿವ್ವಳ ಉತ್ಸರ್ಜನವನ್ನು ಶೂನ್ಯಕ್ಕಿಳಿಸುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಸಾರಿತು. ಈ ಪ್ರತಿಜ್ಞೆಯ ತಿರುಳನ್ನು ಒಂದು ಹಳ್ಳಿಯ ದಾರಿಯಲ್ಲಿಯೇ ಕಂಡುಕೊಳ್ಳಬಹುದು.

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಿಂದ ಬೆಂಗಳೂರಿಗೆ ಹೊರಡುವವನು ಸ್ವಂತ ಬೈಕನ್ನು ಏರಬಹುದು. ಇಲ್ಲವೆ ಬಸ್ಸನ್ನು ಹತ್ತಬಹುದು. ಇವೆರಡರೊಳಗೆ ಯಾವುದು ಮೇಲೆಂಬುದನ್ನು ಊಹೆಯಿಂದಲ್ಲ, ಲೆಕ್ಕದಿಂದ ನಿರ್ಣಯಿಸತಕ್ಕದ್ದು.

ಒಂದು ಲೀಟರು ಡೀಸೆಲ್ ಎಣ್ಣೆಯ ತೂಕವು ಒಂದು ಕಿಲೋಗ್ರಾಮಿಗಿಂತ ಕಡಮೆ. ಅದು ಉರಿದಾಗ ಹುಟ್ಟುವ ಇಂಗಾಲಾಮ್ಲವಾದರೋ ಸುಮಾರು 2.7 ಕಿಲೋಗ್ರಾಂ. ವಿರೋಧಾಭಾಸದಂತೆ ತೋರಿದರೂ ಇದು ನಿಜ. ಎಣ್ಣೆಯೊಳಗಣ ಇಂಗಾಲದ ಒಂದೊಂದು ಪರಮಾಣುವೂ ಗಾಳಿಯಲ್ಲಿರುವ ಆಮ್ಲಜನಕದ ಎರಡೆರಡು ಪರಮಾಣುಗಳನ್ನು ಕೂಡಿಕೊಳ್ಳುವುದರಿಂದ ತೂಕವು ಹೆಚ್ಚುತ್ತದೆ. ಪೆಟ್ರೋಲಿನಿಂದ ಲೀಟರಿಗೆ ಸುಮಾರು 2.3 ಕಿಲೋಗ್ರಾಂ ಹೊರಡುತ್ತದೆ.

ಬೈಕು ಲೀಟರಿಗೆ 45 ಕಿಲೋಮೀಟರು ಓಡುವುದೆಂದೆಣಿಸಿದರೆ ಒಬ್ಬನೇ ಸವಾರನ ಪಾಲಿಗೆ ಕಿಲೋಮೀಟರಿಗೆ 51 ಗ್ರಾಂ ಬೀಳುವುದು. ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರು ಮಾತ್ರ ಓಡಿ ಕಿಲೋಮೀಟರಿಗೆ 600 ಗ್ರಾಂ ಉಗುಳಿದರೂ, ನಲವತ್ತು ಮಂದಿ ಕುಳಿತಿದ್ದರೆ ತಲೆಗೆ 15 ಗ್ರಾಂ ಆಗುವುದು. ಅದೇ ಬಸ್ಸಿನಲ್ಲಿ ಹತ್ತೇ ಮಂದಿಯಿದ್ದರೆ ತಲೆಗೆ 60 ಗ್ರಾಂ ಆಗಿ ಬೈಕೇ ಮೇಲೆನಿಸುವುದು. ಆದುದರಿಂದ ಯಂತ್ರದ ಗುಣವೆಷ್ಟೋ, ಅದರಲ್ಲಿ ಕುಳಿತವರ ಸಂಖ್ಯೆಯೂ ಅಷ್ಟೇ ಮುಖ್ಯ.

ವಿದ್ಯುತ್ತಿನ ವಾಹನವೇ ಇದಕ್ಕೆ ಪರಿಹಾರವೆಂಬವರುಂಟು. ಅಂಥ ವಾಹನಗಳಿಗಾಗಿ ಭಾರತದ ರಾಜ್ಯಗಳಲ್ಲಿ ಮೊದಲು ನೀತಿಯನ್ನು ರಚಿಸಿದುದು ಕರ್ನಾಟಕವೇ; ಅದು 2017ರಲ್ಲಿ. ಆದರೆ ವಿದ್ಯುತ್ತು ಹುಟ್ಟುವ ಬಗೆಯನ್ನೂ ಎಣಿಸಬೇಕು. ಶಿವನಸಮುದ್ರದಲ್ಲಿ 1902ರಿಂದಲೂ ನೀರೇ ವಿದ್ಯುತ್ತನ್ನು ಕೊಡುತ್ತಿದೆ. ಪಾವಗಡದಲ್ಲಿ ಬಿಸಿಲು ಕೊಡುತ್ತಿದೆ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯಬೇಕು. ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದಾದುದರಿಂದ ಒಂದು ಯೂನಿಟ್ಟಿಗೆ ಸರಾಸರಿ 700 ಗ್ರಾಮಿನಷ್ಟು ಇಂಗಾಲಾಮ್ಲ ಹುಟ್ಟುತ್ತದೆ. ನೂರು ಕಿಲೋಮೀಟರಿಗೆ ಮೂರು ಯೂನಿಟ್ಟು ಬೇಡುವ ವಿದ್ಯುತ್ ಸ್ಕೂಟರಿನ ಲೆಕ್ಕವು ಕಿಲೋಮೀಟರಿಗೆ 21 ಗ್ರಾಂ. ಇದು ಪೆಟ್ರೋಲಿನ ಬೈಕಿಗಿಂತ ಬಹಳ ಮೇಲು. ಆದರೂ ತುಂಬಿದ ಡೀಸೆಲ್ ಬಸ್ಸಿಗೆ ಸಮನಲ್ಲ. ಕಲ್ಲಿದ್ದಲಿನ ಪಾಲು ಇಳಿದಂತೆಲ್ಲ ಸ್ಕೂಟರಿನ ಲೆಕ್ಕವೂ ಇಳಿಯುವುದು. ಬಸ್ಸೇ ವಿದ್ಯುತ್ತಿನದಾದರೆ ಅದರ ಲಾಭವು ಅದಕ್ಕೂ ಸಲ್ಲುವುದು.

ಮೈಸೂರು ಸರ್ಕಾರವು 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಸಾರಿಗೆಯನ್ನು ಆರಂಭಿಸಿದಾಗ ಈ ವಾಯುವಿನ ಚಿಂತೆ ಯಾರಿಗೂ ಇರಲಿಲ್ಲ. 2023ರ ಜೂನ್ 11ರಂದು ಮೊದಲಾದ ಶಕ್ತಿ ಯೋಜನೆಯ ಉದ್ದೇಶವೂ ಸ್ತ್ರೀಯರ ಉಚಿತ ಪ್ರಯಾಣವೇ ಹೊರತು ವಾಯುಶುದ್ಧಿಯಲ್ಲ. ಆದರೂ ಖಾಲಿಯಿದ್ದ ಆಸನವನ್ನು ತುಂಬಿಸುವ ಏರ್ಪಾಡು ಯಾವುದಾದರೂ ಈ ಲೆಕ್ಕಕ್ಕೆ ಒದಗುವಂಥದೇ.

ಹೊತ್ತಿಗೆ ಸರಿಯಾಗಿ ಬಸ್ಸು ಬಾರದ ಊರಿನಲ್ಲಿ ಜನರು ಸಾಲಮಾಡಿಯಾದರೂ ಬೈಕು ಕೊಳ್ಳುವರು. ಒಮ್ಮೆ ಕೊಂಡವರು ಮತ್ತೆ ಬಸ್ಸಿಗೆ ಕಾಯುವುದು ವಿರಳ. ಹಾಗೆ ಬಸ್ಸು ಬರಿದಾದರೆ ಅದು ನಿಲ್ಲುವ ಕಾಲವೂ ದೂರವಿರದು. ಗ್ಲಾಸ್ಗೋದಲ್ಲಿ ಆಡಿದ ಮಾತು ನಡೆಯುವುದೂ ತಪ್ಪುವುದೂ ಇಂಥ ಊರುಗಳ ಬಸ್ಸಿನ ವೇಳಾಪಟ್ಟಿಯನ್ನೂ ಅವಲಂಬಿಸಿದೆ.