ಹಸಿ ಅಕ್ಕಿ ತಿನ್ನುವ ಹುಡುಗಿ

ಕಳೆದ ಜನವರಿಯಲ್ಲಿ ತಾಯಿಯೊಬ್ಬರು ಮಗಳನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗಿಗೆ 15 ವರ್ಷ, ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ತಲೆ ಸುತ್ತಿ ಬಿದ್ದಳಂತೆ. "ಓದಲು ಕೂತರೆ ತೂಕಡಿಸ್ತಾಳೆ ಡಾಕ್ಟ್ರೇ. ಪರೀಕ್ಷೆಗೆ ಇನ್ನೆರಡೇ ತಿಂಗಳು. ಒಂದು ಒಳ್ಳೇ ಟಾನಿಕ್ ಬರೆದುಕೊಡಿ" ಎಂದರು ತಾಯಿ.

"ಬೆಳಿಗ್ಗೆ ಏನು ತಿಂದೆಯಮ್ಮಾ?" ಎಂದು ಹುಡುಗಿಯನ್ನೇ ಕೇಳಿದೆ. ಆರೂವರೆಗೆ ಟ್ಯೂಷನ್, ಹೊರಡುವ ಮುನ್ನ ಒಂದು ಲೋಟ ಕಾಫಿ, ಎರಡು ಬಿಸ್ಕತ್ತು. ಮಧ್ಯಾಹ್ನದ ಡಬ್ಬಿಯಲ್ಲಿ ಚಿತ್ರಾನ್ನ. ಅದರಲ್ಲೂ ಅರ್ಧ ವಾಪಸು. ಸಂಜೆ ಒಂದು ಪೊಟ್ಟಣ ಚಿಪ್ಸ್, ಮತ್ತೆ ಕಾಫಿ. ದಪ್ಪಗಾಗಬಾರದೆಂದು ರಾತ್ರಿ ಊಟವೂ ಅರೆಬರೆ.

ಕೆಳರೆಪ್ಪೆ ಎಳೆದು ನೋಡಿದೆ, ಬಿಳುಚಿಕೊಂಡಿತ್ತು. "ಹಸಿ ಅಕ್ಕಿ, ಬಳಪ ಏನಾದರೂ ತಿನ್ನುತ್ತೀಯಾ?" ಎಂದೆ. ಹುಡುಗಿ ತಲೆ ತಗ್ಗಿಸಿದಳು. "ಅಯ್ಯೋ, ಅಕ್ಕಿ ಡಬ್ಬಕ್ಕೆ ಕೈ ಹಾಕ್ತಾನೇ ಇರ್ತಾಳೆ, ಎಷ್ಟು ಬೈದರೂ ಬಿಡೋದಿಲ್ಲ" ಎಂದರು ತಾಯಿ. ಅಕ್ಕಿ ತಿಂದು ರಕ್ತ ಕಡಿಮೆಯಾಯಿತೆಂದು ಮನೆಯ ಹಿರಿಯರು ಬೈಯುತ್ತಾರೆ. ಸಾಮಾನ್ಯವಾಗಿ ಸಂಗತಿ ಇದಕ್ಕೆ ವಿರುದ್ಧ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಾದಾಗಲೇ ಹಲವರಲ್ಲಿ ಈ ವಿಚಿತ್ರ ಚಪಲ ಹುಟ್ಟುವುದು. ರಕ್ತ ಪರೀಕ್ಷೆ ಮಾಡಿಸಿದೆ. ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12 ಗ್ರಾಂ ಇರಬೇಕು. ಇವಳಿಗೆ ಇದ್ದದ್ದು 8.2.

ಒಂದು ಮಾತು ಒಪ್ಪಿಕೊಳ್ಳಬೇಕು. ವೃತ್ತಿಗೆ ಬಂದ ಹೊಸದರಲ್ಲಿ ಇಂಥ ಎಷ್ಟೋ ಹುಡುಗಿಯರಿಗೆ ರಕ್ತ ಪರೀಕ್ಷೆ ಮಾಡಿಸದೆ, "ಪರೀಕ್ಷೆಯ ಭಯ" ಎಂದು ಹೇಳಿ ಬಣ್ಣದ ಟಾನಿಕ್ ಬರೆದುಕೊಟ್ಟವನು ನಾನು.

ಈ ಹುಡುಗಿ ಒಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಮೈ ಬೆಳೆಯುವ ವೇಗ, ಅದರ ಜೊತೆಗೆ ಪ್ರತಿ ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತ, ಎರಡೂ ಸೇರಿ ಹುಡುಗಿಯ ಅಗತ್ಯ ಹೆಚ್ಚು. 13ರಿಂದ 15ರ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶ ಸಾಕಾದರೆ ಹುಡುಗಿಗೆ 30 ಬೇಕೆಂದು ಐಸಿಎಂಆರ್ 2020ರಲ್ಲಿ ಶಿಫಾರಸು ಮಾಡಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಮೊಟ್ಟೆ ಮಗನ ತಟ್ಟೆಗೆ ಮೊದಲು ಬೀಳುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಏನು ಕೊಡಬೇಕು? ಬೀಟ್‌ರೂಟ್ ಎನ್ನುತ್ತಾರೆ ಎಲ್ಲರೂ. ಬಣ್ಣ ಕೆಂಪು ಅಷ್ಟೇ, ಅದರಲ್ಲಿ ಕಬ್ಬಿಣಾಂಶ ಕಡಿಮೆ. ಹುರುಳಿಕಾಳು, ಅಲಸಂದೆ, ಕಡಲೆ, ಎಳ್ಳು, ಹರಿವೆ, ನುಗ್ಗೆ ಸೊಪ್ಪು ಇವು ಎಷ್ಟೋ ಮೇಲು. ಮಾಂಸಾಹಾರಿಗಳಾದರೆ ಮಾಂಸ, ಈಲಿ ಇನ್ನೂ ಒಳ್ಳೆಯದು, ಅದರ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುತ್ತದೆ. ಕಾಳು ಸೊಪ್ಪಿನದು ಹಾಗಲ್ಲ, ಬಹುಪಾಲು ಹೊರಗೇ ಹೋಗಿಬಿಡುತ್ತದೆ. ಅದಕ್ಕೆ ಹುಳಿ ಜೊತೆಗಿರಬೇಕು. ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಾರಲ್ಲ, ಅದು ಬರೀ ರುಚಿಗಲ್ಲ. ನಿಂಬೆ, ನೆಲ್ಲಿ, ಸೀಬೆಗಳ ಸಿ ಜೀವಸತ್ವ ಕಬ್ಬಿಣಾಂಶವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಕಾಳನ್ನು ಮೊಳಕೆ ಕಟ್ಟಿದರೂ ಲಾಭವಿದೆ. ಕಾಫಿ, ಟೀ ಮಾಡುವುದು ಇದರ ತದ್ವಿರುದ್ಧ ಕೆಲಸ. ಊಟದ ಜೊತೆಗೆ ಬೇಡ, ಹಿಂದೆ ಮುಂದೆ ಒಂದು ಗಂಟೆಯಾದರೂ ಬಿಡುವಿರಲಿ.

ರಾಗಿಯ ಬಗ್ಗೆ ಕೇಳುವವರು ಬಹಳ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಬೆಳೆಯುವ ಮೂಳೆಗೆ ಬಹಳ ಒಳ್ಳೆಯದು. ಆದರೆ ರಕ್ತಕ್ಕೆ ಮುದ್ದೆಯೊಂದೇ ಸಾಲದು, ಜೊತೆಗೆ ಹುರುಳಿ ಬಸ್ಸಾರು ಅಥವಾ ಮಸ್ಸೊಪ್ಪು ಇರಲಿ. ಬೆಳಿಗ್ಗೆ ತಿಂಡಿಗೆ ಸಮಯವಿಲ್ಲ ಎನ್ನುವ ಮಕ್ಕಳಿಗೆ ಎಳ್ಳುಂಡೆ ಅಥವಾ ಕಡಲೆಕಾಯಿ ಚಿಕ್ಕಿ, ಒಂದು ಸೀಬೆಹಣ್ಣು ಕೈಗೆ ಕೊಡಿ. ಬಸ್ಸಿನಲ್ಲಿ ತಿನ್ನಲಿ.

8.2ಕ್ಕೆ ಇಳಿದ ಮೇಲೆ ಆಹಾರವೊಂದರಿಂದಲೇ ತುಂಬಿಕೊಳ್ಳಲಾಗದು, ಮಾತ್ರೆ ಬೇಕೇ ಬೇಕು. ಶಾಲೆಗಳಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ಕಬ್ಬಿಣಾಂಶದ್ದೇ, ಆದರೆ ಅದು ರಕ್ತಹೀನತೆ ಬಾರದಂತೆ ತಡೆಯಲು. ಬಂದ ಮೇಲಿನ ಪ್ರಮಾಣ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಮಲ ಕಪ್ಪಾಗುತ್ತದೆ, ಗಾಬರಿ ಬೇಡ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತೆಗೆದುಕೊಳ್ಳಬಹುದು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಮಾತ್ರೆ ಡಬ್ಬಿ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ. ಒಮ್ಮೆಗೇ ಹಲವು ನುಂಗಿದರೆ ಪ್ರಾಣಕ್ಕೇ ಅಪಾಯ. ಜಂತುಹುಳು ಇದೆಯೇ, ಮುಟ್ಟಿನಲ್ಲಿ ವಿಪರೀತ ಸ್ರಾವವಿದೆಯೇ ಎಂಬುದನ್ನೂ ನೋಡಬೇಕು. ನಾಚಿಕೆಯಿಂದ ಇದನ್ನು ಹುಡುಗಿಯರು ತಾವಾಗಿ ಹೇಳುವುದಿಲ್ಲ.

ಏಪ್ರಿಲ್‌ನಲ್ಲಿ ತಾಯಿ ಮಗಳು ಮತ್ತೆ ಬಂದರು. ಹಿಮೋಗ್ಲೋಬಿನ್ 11.4 ಆಗಿತ್ತು, ಅಕ್ಕಿ ಡಬ್ಬದ ಗೊಡವೆ ತಾನಾಗಿ ಬಿಟ್ಟುಹೋಗಿತ್ತು. ಪರೀಕ್ಷೆ ಚೆನ್ನಾಗಿ ಬರೆದಿದ್ದೇನೆ ಎಂದಳು. ಹೊರಡುವಾಗ ತಾಯಿ ಮೆಟ್ಟಿಲು ಹತ್ತಿ ಬಂದರೆ ತಮಗೂ ಏದುಸಿರು ಎಂದು ಏನೋ ನೆನಪಾದಂತೆ ಹೇಳಿದರು. ಅವರ ರಕ್ತವನ್ನೂ ಪರೀಕ್ಷಿಸಿದೆ. 9 ಇತ್ತು. ಮನೆಯಲ್ಲಿ ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ತಿನ್ನುವವರು ಅವರು. ಈಗ ಇಬ್ಬರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.