ಮನೋರೋಗ ವಾರ್ಡಿನ ಸಿಸ್ಟರ್ ಕಾವಲಿಗೆ ನಿಂತವರಲ್ಲ

ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಸೇರಿಸುವ ಮಾತು ಬಂದರೆ, ಮನೆಯಲ್ಲಿ ಮೊದಲು ಏಳುವ ಪ್ರಶ್ನೆ "ಅಲ್ಲಿ ಕಟ್ಟಿಹಾಕ್ತಾರಂತೆ, ಹೌದಾ?" ಎನ್ನುವುದು. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯ ಹತ್ತಿರ ಇರುವವರು ನರ್ಸುಗಳು. ಅವರು ಮಾಡುವ ಕೆಲಸದ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ತಡವಾಗುತ್ತದೆ.

ತಪ್ಪು ಕಲ್ಪನೆ: ಗಲಾಟೆ ಮಾಡಿದವರನ್ನು ಕಟ್ಟಿಹಾಕಿ ಇಂಜೆಕ್ಷನ್ ಚುಚ್ಚುವುದೇ ಅಲ್ಲಿನ ಆರೈಕೆ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ತೀರಿಕೊಂಡವರು 28 ಮಂದಿ. ಅದು ಆಸ್ಪತ್ರೆಯಾಗಿರಲಿಲ್ಲ. ಇವತ್ತು ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅದನ್ನೂ, ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯ ಮೇಲೆ, ಅಗತ್ಯವಿದ್ದಷ್ಟೇ ಹೊತ್ತು ಹಿಡಿದಿಡಬಹುದು. ಕಾರಣವನ್ನು ಕೇಸ್ ಶೀಟಿನಲ್ಲಿ ಬರೆಯಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಗೆಂದು ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದು ಎಂಬ ನೆಪದಿಂದಲೂ ಕಟ್ಟುವಂತಿಲ್ಲ. ಈ ಕೊನೆಯ ಮಾತನ್ನು ನಾವು ಗಟ್ಟಿಯಾಗಿ ಕೇಳಬೇಕು, ಏಕೆಂದರೆ ನರ್ಸುಗಳ ಕೊರತೆ ಇರುವ ಕಡೆಯೇ ಹಗ್ಗದ ಯೋಚನೆ ಬರುವುದು.

ನಿಜವಾದ ಕೌಶಲ ಇರುವುದು ಸಿಟ್ಟು ಏರುವ ಮುಂಚೆ. ಊಟ ಬಿಟ್ಟು ಎದ್ದವರು, ಅತ್ತಿಂದಿತ್ತ ಒಂದೇ ಸಮ ಓಡಾಡುವವರು, ಮುಷ್ಟಿ ಬಿಗಿದವರು ನುರಿತ ಸಿಸ್ಟರ್ ಕಣ್ಣಿಗೆ ಬೇಗ ಬೀಳುತ್ತಾರೆ. ಆಕೆ ಸುತ್ತಲಿನ ಗುಂಪನ್ನು ಕಳಿಸುತ್ತಾರೆ, ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ, ತಗ್ಗಿದ ದನಿಯಲ್ಲಿ ಒಬ್ಬರೇ ಮಾತಾಡುತ್ತಾರೆ. ಕಿವಿಯಲ್ಲಿ ಯಾರೋ ಬೈಯುತ್ತಿದ್ದಾರೆ ಎಂದರೆ "ಅದೆಲ್ಲ ಸುಳ್ಳು" ಎಂದು ವಾದಕ್ಕೆ ಇಳಿಯುವುದಿಲ್ಲ, ಹೌದು ಎಂದು ತಲೆಯಾಡಿಸುವುದೂ ಇಲ್ಲ. "ನನಗೆ ಕೇಳಿಸ್ತಿಲ್ಲ, ಆದ್ರೆ ನಿಮಗೆ ಕೇಳಿ ಭಯ ಆಗ್ತಿದೆ ಅಂತ ಗೊತ್ತಾಗ್ತಿದೆ. ಏನಂತಿದ್ದಾರೆ?" ಎನ್ನುತ್ತಾರೆ. ಆ ದನಿ ಯಾರನ್ನಾದರೂ ಹೊಡೆಯಲು, ಸಾಯಲು ಹೇಳುತ್ತಿದೆಯೇ ಎಂಬುದು ಹಾಗೆ ಕೇಳಿದರಷ್ಟೇ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಮಾತ್ರೆ ನುಂಗದಿದ್ದರೆ ಕಾಫಿಯಲ್ಲೋ ಸಾರಿನಲ್ಲೋ ಬೆರೆಸಿ ಕೊಟ್ಟರಾಯಿತು.

ಸೋತು ಹೋದ ಮನೆಯವರು ಇದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಊಟದಲ್ಲಿ ವಿಷ ಹಾಕುತ್ತಿದ್ದಾರೆ ಎಂಬ ಅನುಮಾನವೇ ಕಾಯಿಲೆಯಾಗಿರುವವರಿಗೆ ಒಮ್ಮೆ ಗೊತ್ತಾದರೆ, ಆ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಆಮೇಲೆ ಊಟವೂ ನಿಲ್ಲುತ್ತದೆ. ಏಕೆ ಬೇಡ ಎಂದು ನರ್ಸ್ ಕೇಳಿದಾಗ ಬರುವ ಉತ್ತರ ಬಹಳ ಸಲ ಸರಳ: ಕೈ ನಡುಗುತ್ತದೆ, ಹಗಲೆಲ್ಲ ತೂಕಡಿಕೆ, ಮೈ ದಪ್ಪವಾಗುತ್ತಿದೆ. ಇವಕ್ಕೆ ಪರಿಹಾರವಿದೆ. ಪ್ರಮಾಣ ಬದಲಿಸಬಹುದು, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುವ ಇಂಜೆಕ್ಷನ್ನನ್ನು ರೋಗಿಯ ಒಪ್ಪಿಗೆ ಪಡೆದು ಶುರುಮಾಡಬಹುದು.

ತಪ್ಪು ಕಲ್ಪನೆ: ಕಾಯಿಲೆ ಮನಸ್ಸಿಗೆ, ಮೈಗೇನೂ ಆಗಿಲ್ಲ.

ಜೀವ ತೆಗೆಯುವುದು ಈ ನಂಬಿಕೆಯೇ. ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಹುಪಾಲು ಸಾವಿಗೆ ಕಾರಣ ತಡೆಯಬಹುದಾದ ದೈಹಿಕ ಕಾಯಿಲೆಗಳು. ಎದೆನೋವು ಎಂದರೂ "ತಲೆ ಸರಿಯಿಲ್ಲ, ಏನೋ ಹೇಳ್ತಾನೆ" ಎಂದು ತಳ್ಳಿಹಾಕಿದರೆ ಹೃದಯಾಘಾತ ಕಾಯುವುದಿಲ್ಲ. ಅದಕ್ಕೇ ಮನೋರೋಗ ವಾರ್ಡಿನಲ್ಲೂ ತೂಕ, ಬಿಪಿ, ಶುಗರ್ ನೋಡುತ್ತಾರೆ. ಮೋಷನ್ ಆಯಿತೇ ಎಂದು ಕೇಳುತ್ತಾರೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆಯೇ ಪ್ರಾಣಾಪಾಯ ತರಬಲ್ಲದು. ಅವರಿಗೆ ಗಂಟಲುನೋವು, ಜ್ವರ ಬಂದರೆ ಬಿಳಿ ರಕ್ತಕಣ ಇಳಿದಿರಬಹುದೆಂದು ಕೂಡಲೇ ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಲಿಥಿಯಂ ನುಂಗುವವರು ವಾಂತಿಭೇದಿಯಾದಾಗ, ನೀರು ಬಿಟ್ಟು ಉಪವಾಸ ಮಾಡಿದಾಗ, ಮೆಡಿಕಲ್ ಶಾಪಿನಿಂದ ತಾವೇ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ತಂದುಕೊಂಡಾಗ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಹ್ಯಾಲೊಪೆರಿಡಾಲ್ ಕೊಟ್ಟ ಮೊದಲ ದಿನಗಳಲ್ಲಿ ಕೆಲವರಿಗೆ ಕುತ್ತಿಗೆ ತಿರುಚಿ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ. ದೆವ್ವ ಬಂತೆಂದು ಮನೆಯವರು ಗಾಬರಿಯಾಗುವ ಈ ಸ್ಥಿತಿ ಪ್ರೊಮೆಥಜಿನ್ ಇಂಜೆಕ್ಷನ್‌ನಿಂದ ಸ್ವಲ್ಪ ಹೊತ್ತಿನಲ್ಲೇ ಇಳಿಯುತ್ತದೆ.

ತಪ್ಪು ಕಲ್ಪನೆ: ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ ನಾವೇ ಅದನ್ನು ತಲೆಗೆ ಹಾಕಿದಂತೆ.

ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಹೆಚ್ಚಿನವರಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಮನೆಯಲ್ಲಿ ಅಂಥ ಹೊತ್ತು ಬಂದರೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತಪ್ಪು ಕಲ್ಪನೆ: ಡಿಸ್ಚಾರ್ಜ್ ಆಯಿತೆಂದರೆ ವಾಸಿಯಾಯಿತು, ಮಾತ್ರೆ ಬಿಡಬಹುದು.

ಮಾತ್ರೆ ಬಿಟ್ಟ ಮೇಲೆ ಕಾಯಿಲೆ ಸಾಮಾನ್ಯವಾಗಿ ಸದ್ದಿಲ್ಲದೆ ಮರಳುತ್ತದೆ, ಪ್ರತಿಯೊಬ್ಬರಲ್ಲೂ ಅದರ ಮುನ್ಸೂಚನೆ ಬೇರೆ. ಒಬ್ಬರಿಗೆ ನಿದ್ದೆ ಕಡಿಮೆಯಾಗುತ್ತದೆ, ಇನ್ನೊಬ್ಬರು ಸ್ನಾನ ಬಿಡುತ್ತಾರೆ, ಮತ್ತೊಬ್ಬರು ಕೈಬಿಚ್ಚಿ ದುಡ್ಡು ಖರ್ಚು ಮಾಡತೊಡಗುತ್ತಾರೆ. ಮನೆಗೆ ಹೊರಡುವ ದಿನ ಸಿಸ್ಟರ್ ಜೊತೆ ಕೂತು, ರೋಗಿಯನ್ನೂ ಕೂರಿಸಿಕೊಂಡು, ನಿಮ್ಮವರ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಓಪಿಡಿಗೆ ಬನ್ನಿ.