ಓರಗಿತ್ತಿಯರ ವಾಗ್ವಾದ

ಆಂಗ್ಲ ದೇಶದ ಹಳ್ಳಿಗಾಡಿನಲ್ಲಿ, ಬೇಸಿಗೆಯ ಭಾನುವಾರಗಳಂದು, ಹಳೆಯ ಕ್ರೀಡಾಮೋಟಾರುಗಳ ಒಡೆಯರು ಯಾವುದಾದರೊಂದು ಪಾನಗೃಹದ ಅಂಗಳದಲ್ಲಿ ಕೂಡುವುದುಂಟು. ಇಬ್ಬರೇ ಕುಳಿತುಕೊಳ್ಳಬಹುದಾದ, ಮೇಲಿನ ಹೊದಿಕೆಯನ್ನು ಮಡಿಸಿಡಬಲ್ಲ ಈ ಪುಟ್ಟ ಗಾಡಿಗಳಲ್ಲಿ ಎರಡು ಕುಲಗಳು ಪ್ರಸಿದ್ಧವಾದವು. ಆಕ್ಸ್‌ಫರ್ಡಿನ ಸಮೀಪದ ಎಬಿಂಗ್ಡನ್ನಿನಲ್ಲಿ ತಯಾರಾದವು ಎಂ.ಜಿ.; ಕೋವೆಂಟ್ರಿ ನಗರದಿಂದ ಬಂದವು ಟ್ರಯಂಫ್. ಈ ಎರಡು ಪಕ್ಷದವರು ಎದುರಾದರೆ ಪರಸ್ಪರ ಛೇಡಿಸದೆ ಕುಶಲಪ್ರಶ್ನೆಯನ್ನೂ ಮಾಡರು.

ಟ್ರಯಂಫಿನ ಕೆಳಗೆ ಎಣ್ಣೆ ತೊಟ್ಟಿಕ್ಕಿರುವುದನ್ನು ಎಂ.ಜಿ.ಯವನು ತೋರಿಸಿದನೆನ್ನಿ. “ಸೋರುವುದು ನಿಂತಿತೆಂದರೆ ಒಳಗೆ ಎಣ್ಣೆಯೇ ಮುಗಿಯಿತೆಂದು ತಿಳಿಯಬೇಕಯ್ಯ” ಎಂಬ ಉತ್ತರವು ಸಿದ್ಧವಾಗಿರುತ್ತದೆ. ದೀಪಗಳ ವಿಷಯದಲ್ಲಿ ಮಾತ್ರ ಉಭಯರಿಗೂ ಏಕಾಭಿಪ್ರಾಯ. ಎರಡು ಕುಲಗಳಿಗೂ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪೆನಿಯ ವಿದ್ಯುತ್ ಸಲಕರಣೆಗಳೇ. ಇವರು ಅದಕ್ಕಿಟ್ಟಿರುವ ಬಿರುದು “ಅಂಧಕಾರದ ಯುವರಾಜ”!

1968ರಲ್ಲಿ ಈ ಎರಡು ಹೆಸರುಗಳೂ ಬ್ರಿಟಿಷ್ ಲೇಲ್ಯಾಂಡ್ ಎಂಬ ಒಂದೇ ಸಂಸ್ಥೆಯ ಸೂರಿನಡಿಗೆ ಬಂದವು. ಒಂದೇ ಅಡಿಗೆಮನೆಯಲ್ಲಿ ಓರಗಿತ್ತಿಯರು ಹೇಗಿರುವರೆಂಬುದನ್ನು ನಮ್ಮ ಸೋದರಿಯರಿಗೆ ವಿವರಿಸಬೇಕಾದುದಿಲ್ಲವಷ್ಟೆ. 1974ರಲ್ಲಿ ಎಂ.ಜಿ. ಮಿಡ್ಜೆಟ್ಟಿಗೆ ಟ್ರಯಂಫ್ ಸ್ಪಿಟ್‌ಫೈರಿನ 1493 ಸಿ.ಸಿ. ಎಂಜಿನ್ನನ್ನೇ ಕೂಡಿಸಿದರು. “ಒಡವೆ ನಿಮ್ಮದಿರಬಹುದು, ಉಸಿರು ನಮ್ಮದು” ಎಂದು ಟ್ರಯಂಫಿನವರು ಮೂದಲಿಸಲು ಇದಕ್ಕಿಂತ ಮಿಗಿಲಾದ ಅಸ್ತ್ರ ಬೇಕೆ? ಎಂ.ಜಿ. ಅಭಿಮಾನಿಗಳಿಗೆ ಆ ಗಾಯವು ಇನ್ನೂ ಮಾಯ್ದಿಲ್ಲ.

ಆದರೆ ಈ ವಿನೋದದ ಹಿಂದೆ ಒಂದು ಅಳುಕೂ ಇದೆ. ಎಂ.ಜಿ.ಬಿ. ಮತ್ತು ಸ್ಪಿಟ್‌ಫೈರ್ ಎಂಬ ಎರಡು ಮಾದರಿಗಳೂ 1962ರಲ್ಲಿ ಹುಟ್ಟಿದವು. 1980ರಲ್ಲಿ ಎರಡರ ತಯಾರಿಕೆಯೂ ನಿಂತಿತು. ಎಬಿಂಗ್ಡನ್ನಿನ ಕಾರ್ಖಾನೆಯೂ ಆ ವರ್ಷವೇ ಮುಚ್ಚಿತು. (2019ರಿಂದ ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ. ಗಾಡಿಗಳಿಗೂ ಅವಕ್ಕೂ ಹೆಸರಿನ ನಂಟು ಮಾತ್ರ.) ಹುಟ್ಟಿಸಿದ ಮನೆಯೇ ಇಲ್ಲದ ಮೇಲೆ ಈ ಮುದಿ ಯಂತ್ರಗಳಿಗೆ ಒಡೆಯರೇ ಗತಿ. ಒಬ್ಬನ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಬಿಡಿಭಾಗವು ಮತ್ತೊಬ್ಬನ ಗಾಡಿಗೆ ಜೀವದಾನವಾದೀತು. ಆದುದರಿಂದಲೇ ಮಿಡ್ಜೆಟ್ಟೊಂದು ದಾರಿಯಲ್ಲಿ ಕೆಟ್ಟು ನಿಂತಿರಲು, ಹಿಂದೆ ಬಂದ ಸ್ಪಿಟ್‌ಫೈರಿನವನು ಮೊದಲು ಮನದಣಿಯೆ ನಗುವನು, ಬಳಿಕ ತನ್ನ ಉಪಕರಣಗಳ ಪೆಟ್ಟಿಗೆಯನ್ನು ತೆರೆಯುವನು. ಎಂಜಿನ್ನು ಒಂದೇ ಜಾತಿಯದಾದ ಕಾರಣ ಅವನ ಸಾಮಾನು ಇವನಿಗೆ ಹೊಂದುವುದು. ಆ ಉಪಕಾರವನ್ನು ಮುಂದಿನ ಭಾನುವಾರ ಎಲ್ಲರೆದುರಿಗೆ ಹತ್ತು ಸಲ ಎತ್ತಿ ಆಡದೆ ಬಿಡನೆಂಬುದು ಬೇರೆ ಮಾತು.